ಶೇಕಡಾ ಅಲ್ಲ, ತಲೆ ಎಣಿಕೆ ಬೇಕು
ಸಮೀಕ್ಷೆಯ ಉತ್ತರಗಳಿಗೆ ಕೈ-ಸ್ಕ್ವೇರ್ ಟೆಸ್ಟ್ (ಗುಂಪುಗಳ ನಡುವೆ ಕಾಣುವ ವ್ಯತ್ಯಾಸ ಬರೀ ಆಕಸ್ಮಿಕವಾಗಿರಬಹುದೇ ಅಂತ ನೋಡುವ ಲೆಕ್ಕ) ಮಾಡೋದನ್ನ ಲೇಖನ ಚೆನ್ನಾಗಿ ಬಿಡಿಸಿ ಹೇಳಿದೆ, ಧನ್ಯವಾದ. ಆದರೆ ಕೊನೆಯ ಪಟ್ಟಿಯಲ್ಲಿ ಶೇಕಡಾ ಅಂಕಿಗಳನ್ನೇ ಸೂತ್ರಕ್ಕೆ ಹಾಕಿದ್ದೀರಿ. ಅದು ತಪ್ಪು. ದಯವಿಟ್ಟು ತಿದ್ದಿ, ಹೊಸಬರು ಹಾಗೇ ಕಲಿತುಬಿಡ್ತಾರೆ.

ಯಾಕೆ ಅಂತ ಲೆಕ್ಕ ಹಾಕಿಯೇ ನೋಡೋಣ. 100 ಗಂಡಸರಲ್ಲಿ 60, 100 ಹೆಂಗಸರಲ್ಲಿ 45 ಮಂದಿ 'ಹೌದು' ಅಂದರು ಅಂದುಕೊಳ್ಳಿ. ವ್ಯತ್ಯಾಸವೇ ಇಲ್ಲದಿದ್ದರೆ ಎರಡೂ ಕಡೆ 52.5 'ಹೌದು', 47.5 'ಇಲ್ಲ' ಬರಬೇಕಿತ್ತು. ಪಟ್ಟಿಯ ಪ್ರತಿ ಮನೆಯಲ್ಲೂ (ಎರಡು ಗುಂಪು, ಎರಡು ಉತ್ತರ, ಒಟ್ಟು ನಾಲ್ಕು ಚೌಕ) 7.5ರ ಅಂತರ. ಅದನ್ನು ವರ್ಗ ಮಾಡಿ, ನಿರೀಕ್ಷಿತ ಸಂಖ್ಯೆಯಿಂದ ಭಾಗಿಸಿ, ನಾಲ್ಕೂ ಮನೆ ಕೂಡಿಸಿದರೆ ಸುಮಾರು 4.51. ಶೇ. 5ರ ಮಟ್ಟದ ಗಡಿ (ವ್ಯತ್ಯಾಸವೇ ಇಲ್ಲದಿದ್ದರೆ ಇದಕ್ಕಿಂತ ದೊಡ್ಡ ಉತ್ತರ ನೂರಕ್ಕೆ ಸುಮಾರು ಐದು ಸಲ ಮಾತ್ರ ಬರುತ್ತದೆ) 3.84, ಅದನ್ನು ದಾಟಿತು. ಈಗ ಗುಂಪಿಗೆ 20 ಜನ ಮಾತ್ರ, 12 ಮತ್ತು 9 'ಹೌದು'. ಶೇಕಡಾ ಅದೇ 60 ಮತ್ತು 45, ಅಲ್ವಾ? ಆದರೆ ಉತ್ತರ ಬರೀ 0.90! ಎಷ್ಟು ಜನರನ್ನು ಕೇಳಿದಿರಿ ಅನ್ನೋದನ್ನ ಶೇಕಡಾ ನುಂಗಿಹಾಕುತ್ತದೆ.

ಇನ್ನೊಂದು ಮಾತು. 'ಅನ್ವಯಿಸುವುದನ್ನೆಲ್ಲ ಟಿಕ್ ಮಾಡಿ' ಅನ್ನುವ ಪ್ರಶ್ನೆಗೆ ಈ ಟೆಸ್ಟನ್ನು ಸುಮ್ನೆ ಹಾಗೇ ಹಾಕಬೇಡಿ. ಒಬ್ಬ ವ್ಯಕ್ತಿ ಒಂದೇ ಮನೆಯಲ್ಲಿ ಇರಬೇಕು, ಇಲ್ಲಿ ಮೂರು ನಾಲ್ಕರಲ್ಲಿ ಕೂತಿರುತ್ತಾನೆ. ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆ ಇರುವ ಮನೆಗಳು ಜಾಸ್ತಿ ಇದ್ದರೆ ಫಿಷರ್ ಟೆಸ್ಟ್ (ಸಣ್ಣ ಸಂಖ್ಯೆಗಳಿಗೂ ಹೊಂದುವ ಇಂಥದೇ ಪರೀಕ್ಷೆ) ನೋಡಿ.

ಗಡಿ ದಾಟಿದ ಮಾತ್ರಕ್ಕೆ 'ಬಲವಾದ ಸಂಬಂಧ' ಅಂತ ಬರೆಯೋದೂ ಸರಿಯಲ್ಲ. ಮೇಲಿನ 200 ಜನರ ಲೆಕ್ಕದಲ್ಲಿ ಕ್ರೇಮರ್ ವಿ (ಸಂಬಂಧ ಎಷ್ಟು ಬಲವಾಗಿದೆ ಅಂತ 0ಯಿಂದ 1ರವರೆಗೆ ಹೇಳುವ ಅಳತೆ) ಬರೀ 0.15. ಲೇಖನದಲ್ಲಿ ಅದಕ್ಕೂ ಒಂದು ಸಾಲು ಸೇರಿಸಿ.