ಇಪ್ಪತ್ತಕ್ಕೇ ಮುಪ್ಪು

ನಮ್ಮ ಘನ ಸರ್ಕಾರಕ್ಕೆ ವಯಸ್ಸಾದವುಗಳ ಮೇಲೆ ಇರುವ ಕಾಳಜಿ ಕಂಡು ಕಣ್ಣು ತುಂಬಿ ಬಂದಿದೆ. ಇಪ್ಪತ್ತು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ ಹತ್ತು ಸಾವಿರ ರೂಪಾಯಿ ಎಂದು 2025ರ ಆಗಸ್ಟ್‌ನಲ್ಲಿ ಹೊರಬಿದ್ದ ಅಧಿಸೂಚನೆಯನ್ನು ನೀವೂ ಓದಿದ್ದೀರಿ. ನನ್ನ ಮಾರುತಿ 800ಕ್ಕೆ ಅದೇ ನವೆಂಬರ್‌ನಲ್ಲಿ ಇಪ್ಪತ್ತು ತುಂಬಿತು. ಹದಿನೈದು ತುಂಬಿದಾಗ, 2020ರಲ್ಲಿ, ಇದೇ ಕೆಲಸಕ್ಕೆ ನಾನು ಕಟ್ಟಿದ್ದು ಆರುನೂರು. 2022ರ ಏಪ್ರಿಲ್‌ನಲ್ಲಿ ಅದು ಐದು ಸಾವಿರವಾಯಿತು, ಈಗ ಹತ್ತು. ಈ ವೇಗದಲ್ಲಿ ನನ್ನ ಕಾರು ಯಾವತ್ತೂ ಓಡಿದ್ದಿಲ್ಲ.

ಗುಜರಿಯವನು ಇಡೀ ಕಾರಿಗೆ ಕೊಡುತ್ತೇನೆಂದದ್ದು ಹದಿನೆಂಟು ಸಾವಿರ. ಮೂಗಿಗಿಂತ ಮೂಗುತಿ ಭಾರವಾಗಲು ಇನ್ನೊಂದೇ ಅಧಿಸೂಚನೆ ಸಾಕು.

ಹೊಸ ಕಾರು ಕೊಳ್ಳುವಾಗ ಕಟ್ಟಿಸಿಕೊಳ್ಳುವ ತೆರಿಗೆಗೆ ಜೀವಿತಾವಧಿ ತೆರಿಗೆ ಎಂದು ಹೆಸರು. ನೋಂದಣಿ ಪತ್ರದ ಅವಧಿ ಮಾತ್ರ ಹದಿನೈದು ವರ್ಷ. ಹಾಗಾದರೆ ಆ ಜೀವಿತಾವಧಿ ಯಾರದ್ದು, ಕಾರಿನದ್ದೋ ನಾಯಿಯದ್ದೋ?

ತೀರ್ಥಹಳ್ಳಿಯಿಂದಾಚೆ ಇರುವ ನಮ್ಮ ಮನೆಯ ಅಂಗಳಕ್ಕೆ ಈ ಕಾರು ಬಂದದ್ದು 2011ರಲ್ಲಿ. ಅಡಿಕೆ ಮಾರಿದ ದುಡ್ಡಿನಲ್ಲಿ ಎಂಬತ್ತೈದು ಸಾವಿರ ಎಣಿಸಿ ಕೊಟ್ಟು ತಂದ ಸೆಕೆಂಡ್ ಹ್ಯಾಂಡ್ ಗಾಡಿ. 1983ರ ಡಿಸೆಂಬರ್‌ನಲ್ಲಿ ಇಂದಿರಾ ಗಾಂಧಿಯವರು ಮೊದಲ ಮಾರುತಿಯ ಕೀಲಿ ಹಸ್ತಾಂತರಿಸಿದ ಚಿತ್ರವನ್ನು ಪತ್ರಿಕೆಯಲ್ಲಿ ನೋಡಿದ್ದ ಅಪ್ಪ, ಜಗಲಿಯಿಂದ ಇಳಿದು ಬಂದು ಬಾನೆಟ್ ಮೇಲೆ ಕೈಯಿಟ್ಟು, ‘ಅಂತೂ ಬಂತು’ ಎಂದರು. ಇಪ್ಪತ್ತೆಂಟು ವರ್ಷದಿಂದ ದಾರಿಯಲ್ಲೇ ಇತ್ತು ಎಂಬ ಧಾಟಿಯಲ್ಲಿ.

796 ಸಿಸಿ, ಮೂರು ಸಿಲಿಂಡರ್. ಏಸಿ ಎಂದರೆ ಗಾಜು ಇಳಿಸುವ ಹಿಡಿ. ಮಳೆಗಾಲದಲ್ಲಿ ಕಿಟಕಿಯ ರಬ್ಬರಿನ ಸಂದಿಯಲ್ಲಿ ಪಾಚಿ ಬೆಳೆಯುತ್ತದೆ. ನಾನು ಕೀಳುವುದಿಲ್ಲ, ಅದೂ ಮಲೆನಾಡಿನದೇ ಜೀವ. ಎಡಗಡೆಯ ವೈಪರ್ ನಿಂತು ಐದು ಆರಿದ್ರಾ ಮಳೆ ಕಳೆದವು. ಆ ಬದಿಯ ವೈಪರ್ ಈಗ ನನ್ನ ಹೆಂಡತಿ: ಗಾಜಿನಾಚೆ ಕೈ ಹಾಕಿ ಬಟ್ಟೆಯಲ್ಲಿ ಒರೆಸುತ್ತಾಳೆ, ಒರೆಸುತ್ತಲೇ ನನ್ನ ಚಾಲನೆಯನ್ನೂ ವಿಮರ್ಶಿಸುತ್ತಾಳೆ. ಅಡಿಕೆ ಮೂಟೆ, ಹಲಸಿನ ಹಣ್ಣು, ಮದುವೆ ಮನೆಯ ಕಡಾಯಿ, ಒಮ್ಮೆ ಜ್ವರ ಬಂದ ಕರು, ಎಲ್ಲವೂ ಇದರಲ್ಲಿ ಕೂತು ಬಂದಿವೆ. ಕರುವೊಂದೇ ತಕರಾರು ಮಾಡಲಿಲ್ಲ.

ಇದರ ನಿಜವಾದ ಗೌರವ ನೋಡಬೇಕಿದ್ದರೆ ಗಾಡಿಗಳನ್ನೂ ಹೊತ್ತು ನೀರು ದಾಟಿಸುತ್ತಿದ್ದ ಸಿಗಂದೂರಿನ ಲಾಂಚ್‌ಗೆ ಬರಬೇಕಿತ್ತು. ಶರಾವತಿಯ ಹಿನ್ನೀರಿನ ದಡದಲ್ಲಿ ಗಂಟೆಗಟ್ಟಲೆ ಸಾಲು. ಮನೆಯಷ್ಟು ದೊಡ್ಡ ಗಾಡಿಗಳು ಏದುಸಿರು ಬಿಡುತ್ತಾ ನಿಂತಿರುವಾಗ, ಲಾಂಚ್ ತುಂಬಿ ಮೂಲೆಯಲ್ಲಿ ಒಂದು ಮಂಚದಷ್ಟು ಜಾಗ ಉಳಿದಾಗ, ‘ಆ ಸಣ್ಣ ಗಾಡಿ ಬರಲಿ’ ಎಂಬ ಕೂಗು. ಸಾಲಿನ ಬಾಲದಿಂದ ಹೊರಟು, ಹದಿನೈದು ಇಪ್ಪತ್ತು ಲಕ್ಷದ ಮುಖಗಳನ್ನು ಒಂದೊಂದಾಗಿ ದಾಟುತ್ತಾ, ನಾನು ಎರಡನೇ ಗೇರಿನಲ್ಲಿ ಸವಾರಿ ಹೋಗುತ್ತಿದ್ದೆ. ಆ ನಲವತ್ತು ಸೆಕೆಂಡುಗಳ ಸುಖವನ್ನು ಯಾವ ಷೋರೂಮಿನವನೂ ಮಾರಲಾರ. 2025ರ ಜುಲೈನಲ್ಲಿ ಸೇತುವೆ ಉದ್ಘಾಟನೆಯಾಯಿತು. ಲಿಂಗನಮಕ್ಕಿ ಅಣೆಕಟ್ಟೆಯ ನೀರು ದಾರಿ ನುಂಗಿದ್ದು ಅರವತ್ತರ ದಶಕದಲ್ಲಿ. ಆಚೆ ದಡದವರು ಅಷ್ಟು ಕಾಲ ಕಾದ ಸೇತುವೆ ಅದು, ನನ್ನ ನಲವತ್ತು ಸೆಕೆಂಡಿಗಾಗಿ ಅಳುವುದು ಸಣ್ಣತನ. ಆದರೂ ಮೊನ್ನೆ ಸೇತುವೆಯ ಮೇಲೆ ಒಂದು ದೊಡ್ಡ ಗಾಡಿ ಹಾರ್ನ್ ಹೊಡೆದು ನನ್ನನ್ನು ಹಿಂದೆ ಹಾಕಿದಾಗ ಸ್ವಲ್ಪ ಅತ್ತೆ.

ಇರಲಿ, ನವೀಕರಣಕ್ಕೆ ಬೇಕಾದ ಎಫ್.ಸಿ.ಗೆ, ಅಂದರೆ ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರಕ್ಕೆ ಬರೋಣ. ಕಾಗದ, ವಿಮೆ, ಹೊಗೆ ತಪಾಸಣೆಯ ಚೀಟಿ, ದುಡ್ಡು, ಎಲ್ಲ ಹೊಂದಿಸಿಕೊಂಡು ಹೋದೆ. ಪರೀಕ್ಷೆಗೆ ನಿಂತವರು ಕಾರನ್ನು ಸುತ್ತಿ ನೋಡಿದರು. ಬಗ್ಗಿ ನೋಡಿದರು. ನಾನು ಹೆಣ್ಣಿನ ತಂದೆಯ ಹಾಗೆ ಕೈಕಟ್ಟಿ ನಿಂತಿದ್ದೆ. ‘ಸಸ್ಪೆನ್ಷನ್ ಪೂರ್ತಿ ಹೋಗಿದೆ. ತಳ ಬಡಿದಿದೆ. ಹೇಗೆ ಇಟ್ಟುಕೊಂಡಿದ್ದೀರಿ ಗಾಡಿಯನ್ನು? ಇಂಥದ್ದನ್ನು ರಸ್ತೆಗೆ ಇಳಿಸಬಾರದು’ ಎಂದರು.

ಇಂಥದ್ದನ್ನು ರಸ್ತೆಗೆ ಇಳಿಸಬಾರದು. ಸತ್ಯವಾದ ಮಾತು, ಸ್ವಾಮಿ. ಇಳಿಸಿದ್ದರಿಂದಲೇ ಹೀಗಾಗಿದೆ. ನಮ್ಮೂರಿನ ರಸ್ತೆಗೆ ಮಾರ್ಚ್‌ನಲ್ಲಿ ಡಾಂಬರು ಬಿದ್ದಿತು, ಜೂನ್‌ನಲ್ಲಿ ಎದ್ದಿತು. ಜುಲೈನಲ್ಲಿ ಹುಡುಗರು ಹೊಂಡದಲ್ಲಿ ಭತ್ತದ ಸಸಿ ನೆಟ್ಟು ಫೋಟೋ ತೆಗೆಸಿಕೊಂಡರು. ಕೆಲವು ಸಸಿ ಬೇರು ಬಿಟ್ಟವು. ನನ್ನ ಕಾರಿಗೆ ಹೊಗೆ ಎಷ್ಟು, ಬ್ರೇಕ್ ಹೇಗೆ, ದೀಪ ಉರಿಯುತ್ತದೆಯೇ ಎಂದು ಕೇಳುವ ಕಾನೂನಿದೆ. ಮೂರು ತಿಂಗಳು ಬಾಳದ ರಸ್ತೆಯನ್ನು ಹೀಗೆ ನಿಲ್ಲಿಸಿ, ಬಗ್ಗಿ ನೋಡಿ, ಇಂಥದ್ದನ್ನು ಊರಿಗೆ ಇಳಿಸಬಾರದು ಎಂದು ಯಾರಿಗಾದರೂ ಹೇಳಿದವರಿದ್ದಾರೆಯೇ?

ಹಿಂದಿನ ಮಳೆಗಾಲದಲ್ಲಿ ಪಕ್ಕದ ಮನೆಯ ಹುಡುಗಿಗೆ ರಾತ್ರಿ ಎರಡಕ್ಕೆ ಹೆರಿಗೆ ನೋವು ಬಂತು. ಮೋರಿ ಅರ್ಧ ಕೊಚ್ಚಿ ಹೋಗಿತ್ತು. ಆಂಬುಲೆನ್ಸ್ ಆಚೆಯೇ ನಿಂತಿತು. ಉಳಿದರ್ಧ ಮೋರಿಯ ಮೇಲೆ ಹೋಗುವಷ್ಟು ಅಗಲ ಕಡಿಮೆ ಇದ್ದದ್ದು ನನ್ನ ಕಾರು ಒಂದೇ. ಅವಳ ಅಮ್ಮ ಹಿಂದಿನ ಸೀಟಿನಲ್ಲಿ ದೇವರ ಹೆಸರು ಹೇಳುತ್ತಿದ್ದರು, ಅವಳ ಗಂಡ ಟಾರ್ಚ್ ಹಿಡಿದು ಮುಂದೆ ನಡೆಯುತ್ತಿದ್ದ. ನನಗೆ ಕೈ ನಡುಗುತ್ತಿತ್ತು. ಮೋರಿ ಇವತ್ತಿಗೂ ಅರ್ಧವೇ ಇದೆ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ. ಇದರಲ್ಲಿ ನಗುವಂಥದ್ದು ಏನೂ ಇಲ್ಲ.

ಸಸ್ಪೆನ್ಷನ್ ಬದಲಾಯಿಸಿದೆ. ತಳಕ್ಕೆ ತಗಡು ಬಡಿಸಿದೆ. ಮೆಕ್ಯಾನಿಕ್ ಬಿಲ್ ಕೊಡುತ್ತಾ, ‘ಮಾರಿಬಿಡಿ ಅಣ್ಣ, ಇದಕ್ಕೆ ಸುರಿಯುವ ದುಡ್ಡಿಗೆ ಬೇರೆ ಸಿಗುತ್ತದೆ’ ಎಂದ. ಹಾಗೆನ್ನುತ್ತಲೇ ತನ್ನ ಅಂಗಿಯ ತೋಳಿನಿಂದ ಹೆಡ್‌ಲೈಟ್ ಒರೆಸಿದ. ಎರಡನೇ ಸಲ ಕಾರು ಪಾಸಾಯಿತು. ಇನ್ನೈದು ವರ್ಷ, ಅಂದರೆ 2030ರವರೆಗೆ, ರಸ್ತೆಯಲ್ಲಿ ಓಡಲು ಯೋಗ್ಯ ಎಂದು ಸರ್ಕಾರವೇ ಒಪ್ಪಿತು.

ಮನೆ ಎರಡು ಕಿಲೋಮೀಟರ್ ಇದೆ ಎನ್ನುವಾಗ, ಆ ಭತ್ತದ ಹೊಂಡದಲ್ಲಿ, ಸೈಲೆನ್ಸರ್ ಕಳಚಿ ಬಿತ್ತು. ಹೆಂಡತಿ ಇಳಿದು, ಬಿಸಿ ತಾಗದಂತೆ ವೈಪರ್ ಬಟ್ಟೆಯಲ್ಲಿ ಸುತ್ತಿ, ಹಿಂದಿನ ಸೀಟಿನಲ್ಲಿ ಮಲಗಿಸಿದಳು. ಉಳಿದ ದಾರಿಯುದ್ದಕ್ಕೂ ಊರಿಗೆಲ್ಲ ಕೇಳುವಂತೆ ಗುಡುಗುತ್ತಾ ಬಂದೆವು.