ಕಂತಿನಲ್ಲಿ ಆಗುಂಬೆ

ಶಿವಮೊಗ್ಗದಲ್ಲಿ ತಿಂಡಿ ತಿಂದು ಬಸ್ ಹತ್ತಿದರೆ ಊಟದ ಹೊತ್ತಿಗೆ ಆಗುಂಬೆಯಲ್ಲಿ ಇರಬಹುದು. ಆ 90 ಚಿಲ್ಲರೆ ಕಿಲೋಮೀಟರನ್ನು ನಾನು ಮತ್ತು ನನ್ನ ಗೆಳೆಯ ಕಂತಿನಲ್ಲಿ ನಡೆಯುತ್ತಿದ್ದೇವೆ. ಭಾನುವಾರ ಒಂದು ತುಂಡು ನಡೆಯುವುದು, ಬಸ್ಸಿಗೆ ಕೈ ಅಡ್ಡ ಹಾಕಿ ಮನೆಗೆ ಬರುವುದು, ಮುಂದಿನ ಸಲ ಬಿಟ್ಟ ಜಾಗದಿಂದಲೇ ಶುರು. ಅದೂ ಬೇಸಿಗೆಯಲ್ಲಿ. ಬೇರೆ ಕಾಲವೇ ಸಿಗಲಿಲ್ಲವಾ ಅಂತ ಮನೆಯಲ್ಲಿ ಕೇಳುತ್ತಾರೆ. ಸಿಗಲಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ, ಅಲ್ಲಿ ಮಳೆಗಾಲದಲ್ಲಿ ನಡೆಯುವುದು ಹೆಚ್ಚುಕಡಿಮೆ ಈಜಿದ ಹಾಗೆ. ಮೇಲಿಂದ ಇಂಬಳ. ಚಳಿಗಾಲದಲ್ಲಿ ಗೆಳೆಯನಿಗೆ ಅಡಿಕೆ ಕೊಯ್ಲು. ಉಳಿದಿದ್ದು ಬೇಸಿಗೆಯೇ.

ಇದೇನೂ ನಾವು ಕಂಡುಹಿಡಿದ ಹುಚ್ಚಲ್ಲ. ಅಮೆರಿಕದಲ್ಲಿ ಅಪಲಾಚಿಯನ್ ಟ್ರೇಲ್ ಅಂತ ಒಂದು ಕಾಲುದಾರಿ ಇದೆ. 1937ರಲ್ಲಿ ಪೂರ್ತಿಯಾಗಿದ್ದು. ಜಾರ್ಜಿಯಾದಿಂದ ಮೇನ್‌ವರೆಗೆ 14 ರಾಜ್ಯ, ಸುಮಾರು 3,500 ಕಿಲೋಮೀಟರ್. ಒಂದೇ ಸಲಕ್ಕೆ ನಡೆಯುವವರಿಗೆ ಐದಾರು ತಿಂಗಳು ಬೇಕು. ಅಷ್ಟು ರಜೆ ಯಾರು ಕೊಡುತ್ತಾರೆ? ಹಾಗಾಗಿ ಅಲ್ಲೂ ಎಷ್ಟೋ ಜನ ತುಂಡು ತುಂಡಾಗಿ ನಡೆದು, ವರ್ಷಗಟ್ಟಲೆ ಎಳೆದು ಮುಗಿಸುತ್ತಾರೆ. ದಾರಿ ತಪ್ಪದಿರಲಿ ಅಂತ ಮರಗಳ ಮೇಲೆ ಎರಡಿಂಚು ಅಗಲ, ಆರಿಂಚು ಉದ್ದದ ಬಿಳಿ ಪಟ್ಟಿ ಬಳಿದಿರುತ್ತದೆ. ಅವರ ತಲೆನೋವೆಲ್ಲ ಕಾರಿನದು. ಒಂದು ಕಾರನ್ನು ಕೊನೆಯಲ್ಲಿ ಬಿಟ್ಟು, ಇನ್ನೊಂದರಲ್ಲಿ ಶುರುವಿಗೆ ಬಂದು, ಸಂಜೆ ಮತ್ತೆ ಅದನ್ನು ತರಲು ಹೋಗಬೇಕು. ನಮಗೆ ಆ ಕಷ್ಟವಿಲ್ಲ. ಮಲೆನಾಡಿನ ಬಸ್ಸು ಕೈ ತೋರಿಸಿದಲ್ಲಿ ನಿಲ್ಲುತ್ತದೆ.

ನಿಲ್ಲುತ್ತದೆ, ಸರಿ. ಹತ್ತಿದ ಮೇಲಿದೆ ಮಜಾ.

"ಎಲ್ಲಿಗೆ ಸಾರ್?"

"ಮಂಡಗದ್ದೆ ದಾಟಿ ಒಂದು ಮೋರಿ ಇದೆಯಲ್ಲ, ಹಲಸಿನ ಮರದ ಪಕ್ಕ. ಅಲ್ಲಿ."

"ಯಾರ ಮನೆಗೆ?"

"ಮನೆಗಲ್ಲ. ಅಲ್ಲಿಂದ ಮಾಳೂರಿಗೆ ನಡೆಯಬೇಕು."

"ಈ ಬಸ್ಸೇ ಮಾಳೂರಿಗೆ ಹೋಗುತ್ತೆ ಸಾರ್."

ಇದಕ್ಕೆ ಉತ್ತರ ಇಲ್ಲ. ಇಡೀ ಬಸ್ಸು ನಮ್ಮನ್ನು ತಿರುಗಿ ನೋಡುತ್ತದೆ. ಮೋರಿ ಹತ್ತಿರ ಇಳಿದು, ಹೋದ ವಾರ ಕೂತಿದ್ದ ಕಟ್ಟೆಯನ್ನೇ ಮುಟ್ಟಿ ಹೊರಡುತ್ತೇವೆ. ಹತ್ತು ಮಾರು ಆಚೆಯಿಂದ ಶುರು ಮಾಡಿದರೆ ಯಾರು ಕೇಳುತ್ತಾರೆ? ಯಾರೂ ಇಲ್ಲ. ಆದರೂ ಕಂತಿನ ನಡಿಗೆಯಲ್ಲಿ ಇರುವುದು ಇದೊಂದೇ ನಿಯಮ. ಅದನ್ನೂ ಬಿಟ್ಟರೆ ಸುಮ್ನೆ ಬಸ್ಸಲ್ಲೇ ಹೋಗಬಹುದಲ್ವಾ?

ಆ ನಿಯಮಕ್ಕೆ ಬಿಸಿಲು ಅಡ್ಡಿಯಲ್ಲ, ಜನರ ಒಳ್ಳೆಯತನ ಅಡ್ಡಿ. ಅರ್ಧ ಗಂಟೆಗೊಂದು ಬೈಕು ನಿಲ್ಲುತ್ತದೆ. "ಬಸ್ ತಪ್ಪಿತಾ? ಕೂತ್ಕೊಳ್ಳಿ." ಬೇಡ ಅಂದರೆ ಮುಖ ಸಪ್ಪಗಾಗುತ್ತದೆ. ಸುಮ್ಮನೆ ನಡೆಯುತ್ತಿದ್ದೇವೆ ಅಂದರೆ ಅನುಮಾನ ಬರುತ್ತದೆ. ಕೊನೆಗೆ ಗೆಳೆಯ ದಾರಿ ಕಂಡುಕೊಂಡ. ಹರಕೆ ಅಂದುಬಿಟ್ಟ. ಶಿವರಾತ್ರಿಗೆ ಮುಂಚೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆದು ಹೋಗುವವರನ್ನು ಕಂಡ ಸೀಮೆ ಇದು, ಹರಕೆ ಅಂದರೆ ಬೈಕಿನವರು ಕೈ ಮುಗಿದು ಹೊರಟೇ ಹೋಗುತ್ತಾರೆ. ಆದರೆ ಯಾವ ದೇವರಿಗೆ ಅಂತ ಒಬ್ಬರು ಕೇಳಿದರು. ಅಂದಿನಿಂದ "ಶುಗರ್, ಡಾಕ್ಟರ್ ನಡೀರಿ ಅಂದಿದ್ದಾರೆ" ಅನ್ನುತ್ತಾನೆ. ಅವನಿಗೆ ಶುಗರ್ ಇಲ್ಲ. ಮೆಂತ್ಯದ ನೀರು, ಹಾಗಲಕಾಯಿ ರಸದ ಪಾಠ ಮಾತ್ರ ಈಗ ಬಾಯಿಪಾಠವಾಗಿದೆ.

ಬಿಸಿಲಿಗೆ ನಮ್ಮ ಲೆಕ್ಕ ಬೇರೆ. ಬೆಳಿಗ್ಗೆ ಆರಕ್ಕೆ ಶುರು, ಹನ್ನೊಂದಕ್ಕೆ ಮುಗಿತು. ದೂರವನ್ನು ಕಿಲೋಮೀಟರಿನಲ್ಲಿ ಅಳೆದು ಪ್ರಯೋಜನವಿಲ್ಲ, ನೆರಳಿನಲ್ಲಿ ಅಳೆಯಬೇಕು. ಗಾಜನೂರಿನವರೆಗೆ ರಸ್ತೆ ಬರೀ ಕಾವು. ಸಕ್ರೆಬೈಲಿನ ಆನೆ ಬಿಡಾರ ದಾಟಿದ ಮೇಲೆ ಕಾಡು ಸಿಗುತ್ತದೆ, ಆದರೆ ಅದು ಶೆಟ್ಟಿಹಳ್ಳಿ ಅಭಯಾರಣ್ಯ. ನೆರಳು ಚೆನ್ನಾಗಿದೆ ಅಂತ ಟಾರು ಬಿಟ್ಟು ಒಳಗೆ ಇಳಿಯುವ ಹಾಗಿಲ್ಲ. ನೆರಳಿನಲ್ಲೂ ಜಾತಿ ಇದೆ. ಹಲಸಿನ ಅಡಿ ನಿಂತರೆ ಬೆವರು ಆರುತ್ತದೆ. ಅಕೇಶಿಯ ತೋಪಿನಲ್ಲಿ ನಿಂತರೆ ನಿಂತಿದ್ದೇ ಬಂತು. ಆಸ್ಟ್ರೇಲಿಯಾ ಕಡೆಯ ಆ ಮರದ್ದು ನಿಜವಾದ ಎಲೆಯೇ ಅಲ್ಲ, ತೊಟ್ಟೇ ಚಪ್ಪಟೆಯಾಗಿ ಎಲೆಯ ಕೆಲಸ ಮಾಡುತ್ತದೆ. ಅದು ಜೋತುಬಿದ್ದಿರುತ್ತದೆ, ಬಿಸಿಲು ಸಂದಿಯಲ್ಲಿ ಸೀದಾ ನೆತ್ತಿಗೇ ಇಳಿಯುತ್ತದೆ. ಇಂಥ ತೋಪುಗಳನ್ನು ಮಲೆನಾಡಿನ ಗುಡ್ಡಗುಡ್ಡಕ್ಕೆ ನೆಟ್ಟವರು ಏಪ್ರಿಲ್‌ನಲ್ಲಿ ಒಮ್ಮೆ ಅದರ ಕೆಳಗೆ ನಡೆದು ನೋಡಬೇಕಿತ್ತು.

ಒಳ್ಳೆ ನೆರಳು ಸಿಕ್ಕರೂ ತರಗೆಲೆ ಮೇಲೆ ಕೂರುವುದಿಲ್ಲ. ಬೇಸಿಗೆ ಅಂದರೆ ಉಣುಗಿನ ಕಾಲ. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹತ್ತಿರ. ಮರಿ ಉಣುಗು ಸಾಸಿವೆಗಿಂತ ಚಿಕ್ಕದು, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಅದಕ್ಕೇ ಉದ್ದ ಪ್ಯಾಂಟು, ಕಾಲುಚೀಲದೊಳಗೆ ತುರುಕಿ. ಸೆಕೆಗೆ ಪ್ರಾಣ ಹೋಗುತ್ತದೆ. ಹೋಗಲಿ. ಕೂರಬೇಕು ಅಂದರೆ ಮೋರಿ ಕಟ್ಟೆ ಇದೆ, ಬಸ್ ಸ್ಟಾಪಿನ ಕಲ್ಲಿದೆ.

ಚೀಲದಲ್ಲಿ ಉಪ್ಪು ಹಾಕಿದ ಮಜ್ಜಿಗೆ ಇರುತ್ತದೆ. ಬೆವರಿನಲ್ಲಿ ಉಪ್ಪೂ ಹೋಗುತ್ತದಲ್ಲ, ಬರೀ ನೀರು ಸಾಲದು. ತೂದೂರಿನ ಕಡೆ ಒಮ್ಮೆ ಅದು ಖಾಲಿಯಾಗಿ, ರಸ್ತೆ ಪಕ್ಕದ ಒಂದು ಮನೆಯ ದಣಪೆ ಸರಿಸಿ ನೀರು ಕೇಳಿದೆವು. ತಂಬಿಗೆ ನೀರು, ತಟ್ಟೆಯಲ್ಲಿ ಬೆಲ್ಲ ಬಂತು. ಆಮೇಲೆ "ಆಸರಿಗೆ ಏನು ಮಾಡ್ಲಿ?" ಅಂದರು ಅಮ್ಮ. ಮುರುಗಲು ಪಾನಕ ಆಯಿತು. ಗಂಟೆ ಹತ್ತೂವರೆ. "ಇನ್ನೇನು ಊಟದ ಹೊತ್ತು." ಒಂದೆಲಗದ ತಂಬುಳಿ, ಮಾವಿನಹಣ್ಣಿನ ಸಾಸಿವೆ. ಆವತ್ತಿನ ಕಂತು ಅಲ್ಲಿಗೇ ಮುಗಿಯಿತು, ಊಟ ಆದ ಮೇಲೆ ನಡೆಯುವವರು ಯಾರು?

ನಿಯಮದ ಪ್ರಕಾರ ಮುಂದಿನ ಭಾನುವಾರ ಅದೇ ದಣಪೆಯಿಂದ ಶುರುವಾಗಬೇಕು. ಅಮ್ಮ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದರು. "ಮತ್ತೆ ಬಂದ್ರಾ? ಬನ್ನಿ ಬನ್ನಿ, ಕಾಫಿ ಕುಡ್ದೇ ಹೋಗೋದು." ಹಾಗೆ ಆ ಬೇಸಿಗೆಯಲ್ಲಿ ತೀರ್ಥಹಳ್ಳಿ ಸೇತುವೆ ಮುಟ್ಟುವುದು ತಡವಾಯಿತು. ಕೆಳಗೆ ತುಂಗೆ ಬಂಡೆಗಳ ನಡುವೆ ಸೊರಗಿ ಹರಿಯುತ್ತಿದ್ದಳು.

ಮೇಗರವಳ್ಳಿಯ ಮೇಲೆ ನೆರಳಿನ ಬರ ಇಲ್ಲ. ಮರಗಳು ಎರಡೂ ಕಡೆಯಿಂದ ರಸ್ತೆಗೆ ಬಾಗಿವೆ, ಜೀರುಂಡೆ ಸದ್ದಿಗೆ ಮಾತು ಕೇಳಿಸುವುದಿಲ್ಲ. ಆದರೆ ಗಾಳಿಯಲ್ಲಿ ನೀರಿನ ಪಸೆ ಜಾಸ್ತಿ. ಶಿವಮೊಗ್ಗದಲ್ಲಿ ಬೆವರು ಆರಿ ಮೈ ತಂಪಾಗುತ್ತದೆ, ಇಲ್ಲಿ ಬೆವರು ಆರುವುದೇ ಇಲ್ಲ, ಅಂಗಿ ಹಿಂಡುವ ಹಾಗೆ ಇರುತ್ತದೆ. ಭರಣಿ ಮಳೆ ಒಂದೆರಡು ಬಿದ್ದರೆ ಸಂಜೆ ಪರವಾಗಿಲ್ಲ, ಮರುದಿನ ಬೆಳಿಗ್ಗೆ ಇನ್ನೂ ಸೆಕೆ.

ಆಗುಂಬೆ ಇನ್ನೊಂದು ಕಂತಿನಷ್ಟು ದೂರ ಇದೆ. ಗೆಳೆಯ ಈಗಲೇ ಘಾಟಿಯನ್ನೂ ಸೇರಿಸೋಣ ಅನ್ನುತ್ತಿದ್ದಾನೆ, 14 ತಿರುವು ಇಳಿದು ಸೋಮೇಶ್ವರ. ಸೋಮೇಶ್ವರದಿಂದ ಹತ್ತೋಣ ಅಂತ ನಾನು. ಹೋದ ಸಲ ವಾಪಸ್ ಬರುವಾಗ ಬಸ್ಸಿನಲ್ಲೇ ಜಗಳ ಶುರುವಾಯಿತು. ಚಿಲ್ಲರೆ ಎಣಿಸುತ್ತಿದ್ದ ಕಂಡಕ್ಟರ್ ತಲೆ ಎತ್ತಿ ಹೇಳಿದ: "ಘಾಟಿಗೆ ಮಿನಿ ಬಸ್ ಇದೆ ಸಾರ್. ಹತ್ತೋದಕ್ಕೂ ಇದೆ, ಇಳಿಯೋದಕ್ಕೂ ಇದೆ."