38,000 ಜನರ ಲೆಕ್ಕ ಕೊಡಿ

ನಿನ್ನೆ ರಾತ್ರಿ ಹನ್ನೆರಡೂವರೆಗೆ ‘ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ’ ಅನ್ನುವ ಇಂಗ್ಲಿಷ್ ಸೀರಿಯಲ್‌ನ ಕೊನೆಯ ಎಪಿಸೋಡ್ ಎರಡನೇ ಸಲ ನೋಡಿ ಮುಗಿಸಿದೆ. ನಿದ್ದೆ ಬರಲಿಲ್ಲ. ಮೊದಲ ಸಲ ನೋಡಿದಾಗಲೂ ಬಂದಿರಲಿಲ್ಲ. ಆಗ ಹಾಸ್ಟೆಲ್‌ನಲ್ಲಿದ್ದೆ. ರೂಮ್‌ಮೇಟ್ ಹಾರ್ಡ್ ಡಿಸ್ಕ್‌ನಿಂದ ಕಾಪಿ ಮಾಡಿಕೊಂಡು, ಇಯರ್‌ಫೋನ್ ಹಾಕಿಕೊಂಡು, ಹೊದಿಕೆಯೊಳಗೆ ನೋಡಿದ್ದು. "ಇನ್ನೊಂದು ಸಲ ನೋಡು, ಸ್ವಲ್ಪ ವರ್ಷ ಬಿಟ್ಟು ನೋಡು, ಸಮಾಧಾನ ಆಗುತ್ತೆ" ಅಂತ ತುಂಬಾ ಜನ ಹೇಳಿದ್ದರು. ವರ್ಷಗಳನ್ನೇ ಬಿಟ್ಟು ನೋಡಿದೆ. ಸಮಾಧಾನ ಆಗಲಿಲ್ಲ. ಸಿಟ್ಟು ಜಾಸ್ತಿ ಆಯಿತು.

ಈ ಸಲ ತಂಗಿಯನ್ನೂ ಕೂರಿಸಿಕೊಂಡಿದ್ದೆ. ನಾನೇ ಒತ್ತಾಯ ಮಾಡಿದ್ದು. ಕೊನೆ ಹೀಗಿದೆ ಅಂತ ಅವಳಿಗೆ ಹೇಳಿರಲಿಲ್ಲ. ಅವಳೊಂದು ಕೆಲಸ ಮಾಡುತ್ತಿದ್ದಳು. ಅಡುಗೆಮನೆಯಲ್ಲಿ ಅಮ್ಮ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆಯಲ್ಲ, ಅದರ ಹಳೇ ಹಾಳೆಗಳನ್ನು ಹರಿದುಕೊಂಡು, ಹಿಂದುಗಡೆ ಖಾಲಿ ಜಾಗದಲ್ಲಿ ಪ್ರತಿ ಎಪಿಸೋಡಿನ ಲೆಕ್ಕ ಬರೆಯುತ್ತಿದ್ದಳು. ಉಳಿದವರು ಎಷ್ಟು ಜನ ಅನ್ನುವ ಲೆಕ್ಕ. ಆ ಸೀರಿಯಲ್‌ನ ಎಷ್ಟೋ ಎಪಿಸೋಡುಗಳ ಟೈಟಲ್‌ನಲ್ಲೇ ಅದು ಬರುತ್ತೆ. ಪೆನ್ಸಿಲ್‌ನಲ್ಲಿ ಬರೆಯೋದು, ಹಿಂದಿನದರಿಂದ ಕಳೆಯೋದು, "ಹೋದ ಸಲಕ್ಕಿಂತ ಇಷ್ಟು ಜನ ಕಮ್ಮಿ ಅಕ್ಕ" ಅನ್ನೋದು. ಸುಮ್ನೆ ಆಟಕ್ಕೆ ಶುರು ಮಾಡಿದ್ದಳು. ಎರಡನೇ ಸೀಸನ್ ಹೊತ್ತಿಗೆ ಆಟ ಆಗಿ ಉಳಿದಿರಲಿಲ್ಲ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಹನ್ನೆರಡು ಗ್ರಹಗಳಲ್ಲಿ ಮನುಷ್ಯರಿದ್ದಾರೆ. ಅವರೇ ಮಾಡಿದ ಯಂತ್ರಗಳು, ಸೈಲಾನ್‌ಗಳು, ಒಂದು ದಿನ ಅಣುಬಾಂಬ್ ಸುರಿದು ನೂರಾರು ಕೋಟಿ ಜನರನ್ನು ಕೊಂದುಬಿಡುತ್ತವೆ. ಆಗ ಬಾಹ್ಯಾಕಾಶದಲ್ಲಿದ್ದ ಹಡಗುಗಳಲ್ಲಿ ಸಿಕ್ಕಿಕೊಂಡಿದ್ದ ಐವತ್ತು ಸಾವಿರ ಜನ ಮಾತ್ರ ಉಳಿಯುತ್ತಾರೆ. ಅವರನ್ನು ಕಾಯೋದಕ್ಕೆ ಗ್ಯಾಲಾಕ್ಟಿಕಾ ಅನ್ನುವ ಒಂದು ಹಳೇ ಯುದ್ಧನೌಕೆ, ಅದಕ್ಕೆ ಅಡಾಮಾ ಅನ್ನುವ ಕಮಾಂಡರ್. ಅಧಿಕಾರದ ಸಾಲಿನಲ್ಲಿ 43ನೇ ಜಾಗದಲ್ಲಿದ್ದ ಶಿಕ್ಷಣ ಮಂತ್ರಿ ಲಾರಾ ರಾಸ್ಲಿನ್‌ಗೆ ಅಧ್ಯಕ್ಷೆ ಪಟ್ಟ. ಅವಳಿಗಿಂತ ಮೇಲಿದ್ದ 42 ಜನರೂ ಸತ್ತಿದ್ದಾರೆ. 2003ರ ಡಿಸೆಂಬರ್‌ನಲ್ಲಿ ಮಿನಿ ಸೀರೀಸ್ ಆಗಿ ಬಂತು, ಆಮೇಲೆ ನಾಲ್ಕು ಸೀಸನ್. 2009ರ ಮಾರ್ಚ್ 20ಕ್ಕೆ ಮುಗಿಯಿತು.

ರಾಸ್ಲಿನ್ ಹಿಂದೆ ಒಂದು ಬಿಳಿ ಬೋರ್ಡ್ ಇರುತ್ತೆ. ಅದರ ಮೇಲೆ ಮಾರ್ಕರ್‌ನಲ್ಲಿ ಒಂದು ಸಂಖ್ಯೆ. ಬದುಕಿರುವವರು ಇಷ್ಟು.

ಮೊದಲ ಸೀಸನ್‌ನ ಮೊದಲ ಎಪಿಸೋಡಿನ ಹೆಸರೇ ‘33’. ಪ್ರತಿ 33 ನಿಮಿಷಕ್ಕೊಮ್ಮೆ ಸೈಲಾನ್‌ಗಳು ಬರುತ್ತಾರೆ, ಇವರು ತಪ್ಪಿಸಿಕೊಂಡು ಓಡುತ್ತಾರೆ. ಐದು ದಿನದಿಂದ ಯಾರಿಗೂ ನಿದ್ದೆ ಇಲ್ಲ. ಕಣ್ಣು ಕೆಂಪಾಗಿದೆ, ಕೈ ನಡುಗುತ್ತಿದೆ. ಒಲಿಂಪಿಕ್ ಕ್ಯಾರಿಯರ್ ಅನ್ನುವ ಹಡಗಿನ ಮೇಲೆ ಅನುಮಾನ ಬಂದು ಅದನ್ನು ತಾವೇ ಹೊಡೆದು ಉರುಳಿಸಬೇಕಾಗುತ್ತೆ. ಅದರಲ್ಲಿ 1,345 ಜನ. ಲೆಕ್ಕದಿಂದ 1,345 ಹೋಯಿತು. ಎಪಿಸೋಡ್ ಮುಗಿಯುವಾಗ ಯಾರೋ ಬಂದು ರಾಸ್ಲಿನ್‌ಗೆ ಹೇಳುತ್ತಾನೆ: ಇನ್ನೊಂದು ಹಡಗಿನಲ್ಲಿ ಒಂದು ಮಗು ಹುಟ್ಟಿದೆ, ಗಂಡು ಮಗು. ಅವಳು ಎದ್ದು ಬೋರ್ಡಿನ ಹತ್ತಿರ ಹೋಗಿ ಕೊನೆಯ ಅಂಕಿಯನ್ನು ಅಳಿಸಿ ಒಂದು ಹೆಚ್ಚು ಮಾಡುತ್ತಾಳೆ. 47,973.

ತಂಗಿ ಆ ರಾತ್ರಿ ಅತ್ತಳು. ನಾನೂ ಅತ್ತೆ. ಬಾಂಬು, ಬಂದೂಕು, ರಾಕೆಟ್ಟು ಯಾವುದಕ್ಕೂ ಅಲ್ಲ. ಒಂದು ಅಂಕಿ ಅಳಿಸಿ ಬರೆದದ್ದಕ್ಕೆ. ಒಂದು ಜೀವ ಅಂದರೆ ಒಂದು ಜೀವ, ಅದನ್ನು ನಾವು ಎಣಿಸುತ್ತೇವೆ ಅಂತ ಆ ಸೀರಿಯಲ್ ನಮಗೆ ಅವತ್ತು ಮಾತು ಕೊಟ್ಟಿತು. ಆ ಮಾತನ್ನು ನಂಬಿ ನಾಲ್ಕು ಸೀಸನ್ ಕೂತೆವು.

ಆ ಲೆಕ್ಕಕ್ಕಾಗಿ ಅವರು ಏನೇನು ಮಾಡಿದರು ಅಂತ ನೆನಪಿದೆಯಾ? ಜನಸಂಖ್ಯೆ ಕಮ್ಮಿ ಆಗುತ್ತಿದೆ ಅಂತ ರಾಸ್ಲಿನ್ ಗರ್ಭಪಾತವನ್ನೇ ನಿಷೇಧ ಮಾಡುತ್ತಾಳೆ. ಜೀವನವಿಡೀ ಆ ಹಕ್ಕಿನ ಪರವಾಗಿ ನಿಂತವಳು ಅವಳು. ಬೋರ್ಡ್ ಮೇಲಿನ ಸಂಖ್ಯೆ ನೋಡಿ ತನ್ನ ನಂಬಿಕೆಯನ್ನು ತಾನೇ ಮುರಿಯುತ್ತಾಳೆ. ನನಗೆ ಆ ತೀರ್ಮಾನ ಆಗಲೂ ಒಪ್ಪಿಗೆ ಇರಲಿಲ್ಲ, ಈಗಲೂ ಇಲ್ಲ. ಆದರೆ ಅದು ಎಷ್ಟು ಭಾರದ ತೀರ್ಮಾನ ಅಂತ ತೋರಿಸಿದ್ದರು. ಮಕ್ಕಳ ಔಷಧಿ ಕಾಳಸಂತೆಗೆ ಹೋದದ್ದನ್ನು ತೋರಿಸಿದರು. ಇಂಧನ ಶುದ್ಧ ಮಾಡುವ ಹಡಗಿನ ಕೆಲಸಗಾರರು ಮುಷ್ಕರ ಮಾಡಿದ್ದನ್ನು ತೋರಿಸಿದರು. ನ್ಯೂ ಕ್ಯಾಪ್ರಿಕಾ ಅನ್ನುವ ಕೆಟ್ಟ ಚಳಿಯ ಗ್ರಹದಲ್ಲಿ ಡೇರೆ ಹಾಕಿಕೊಂಡು ಕೆಸರಿನಲ್ಲಿ ಬಾಳಿದರಲ್ಲ, ಅಲ್ಲಿ ಆಂಡರ್ಸ್ ಅನ್ನುವವನಿಗೆ ನ್ಯುಮೋನಿಯಾ ಆದಾಗ ಅವನ ಹೆಂಡತಿ ಕಾರಾ ಥ್ರೇಸ್, ಎಲ್ಲರೂ ಸ್ಟಾರ್‌ಬಕ್ ಅನ್ನುವವಳು, ಯಾರಿಗೂ ತಲೆ ಬಾಗದವಳು, ಆಂಟಿಬಯೋಟಿಕ್‌ಗಾಗಿ ಮಾತು ಬಿಟ್ಟವರ ಹತ್ತಿರ ಬೇಡಿಕೊಳ್ಳುತ್ತಾಳೆ. ಔಷಧಿ ಅಂದರೆ ಏನು, ಅದು ಇಲ್ಲ ಅಂದರೆ ಏನು ಅಂತ ಆ ಜನರಿಗೆ ಗೊತ್ತಿತ್ತು. ನಮಗೂ ಗೊತ್ತಾಗಿತ್ತು.

ಈಗ ಕೊನೆಗೆ ಬನ್ನಿ.

ಅಷ್ಟು ಜನ ಸತ್ತು, ಅಷ್ಟು ದೂರ ಬಂದು, ಕೊನೆಗೂ ಒಂದು ಹಸಿರು ಭೂಮಿ ಸಿಗುತ್ತೆ. ಉಳಿದವರು ಸುಮಾರು 38,000. ಆಗ ಅಡಾಮಾನ ಮಗ ಲೀ ಹೇಳುತ್ತಾನೆ: ನಗರ ಕಟ್ಟೋದು ಬೇಡ, ಹಡಗು ಬೇಡ, ಯಂತ್ರ ಬೇಡ, ಎಲ್ಲ ಬಿಟ್ಟು ಹೊಸದಾಗಿ ಶುರು ಮಾಡೋಣ. ಅಷ್ಟೇ. ಎಲ್ಲ ಹಡಗುಗಳನ್ನೂ ಸೂರ್ಯನೊಳಕ್ಕೆ ಕಳಿಸಿಬಿಡುತ್ತಾರೆ. ಆಸ್ಪತ್ರೆ, ಔಜಾರ, ಪುಸ್ತಕ, ಎಲ್ಲ. ಜನರನ್ನು ಗುಂಪು ಗುಂಪಾಗಿ ಒಡೆದು ಭೂಮಿಯ ಬೇರೆ ಬೇರೆ ಮೂಲೆಗೆ ಚದುರಿಸುತ್ತಾರೆ, ಬೆನ್ನಿನ ಮೇಲೆ ಒಂದೊಂದು ಗಂಟು.

ಇದಕ್ಕೆ ಒಬ್ಬರಾದರೂ ಬೇಡ ಅನ್ನಲಿಲ್ಲವಾ? ಜನ ಇಷ್ಟು ಸುಲಭವಾಗಿ ಒಪ್ಪಿದ್ದು ಆಶ್ಚರ್ಯ ಅಂತ ವಕೀಲ ಲ್ಯಾಂಪ್‌ಕಿನ್ ಹೇಳುತ್ತಾನೆ. ಹೊಸದಾಗಿ ಶುರು ಮಾಡುವ ಆಸೆಯನ್ನು ಕಮ್ಮಿ ಅಂದುಕೊಳ್ಳಬೇಡ ಅಂತ ಅಡಾಮಾ ಉತ್ತರ ಕೊಡುತ್ತಾನೆ. ಎರಡು ಮಾತಿಗೆ 38,000 ಜನರ ಬದುಕು ತೀರ್ಮಾನ ಆಯಿತು. ಇದೇ ಜನ ಅಲ್ವಾ, ಸ್ವಲ್ಪ ದಿನದ ಹಿಂದೆ ಸೈಲಾನ್‌ಗಳ ಜೊತೆ ಕೈ ಜೋಡಿಸಬಾರದು ಅಂತ ದಂಗೆ ಎದ್ದವರು? ಗೇಟಾನಂಥ ನಿಯತ್ತಿನ ಅಧಿಕಾರಿ ಆ ದಂಗೆ ನಡೆಸಿ, ಅದಕ್ಕೆ ಶಿಕ್ಷೆಯಾಗಿ ಗುಂಡೇಟಿಗೆ ಎದೆ ಕೊಟ್ಟ. ಹಡಗುಗಳಿಗೆ ಸೈಲಾನ್‌ಗಳ ಎಂಜಿನ್ ತಂತ್ರಜ್ಞಾನ ಹಾಕಲು ಹೊರಟಿದ್ದಕ್ಕೆ ರಕ್ತ ಹರಿಸಿದವರು, ಮಗುವಿಗೆ ಜ್ವರ ಬಂದರೆ ಕೊಡುವ ಮಾತ್ರೆಯನ್ನು ಸೂರ್ಯನಿಗೆ ಹಾಕೋಣ ಅಂದಾಗ ತುಟಿ ಬಿಚ್ಚಲಿಲ್ಲ ಅಂದರೆ ಯಾರು ನಂಬಬೇಕು?

ಇನ್ನೂ ಒಂದು ಮಾತು ನನಗೆ ಮುಳ್ಳಿನ ಹಾಗೆ ಚುಚ್ಚುತ್ತಿದೆ. ಅದೇ ಕೊನೆಯ ಕಥೆಯಲ್ಲಿ, ಯುದ್ಧಕ್ಕೆ ಹೊರಡುವ ಮುಂಚೆ, ಡಾಕ್ಟರ್ ಕಾಟಲ್ ನಾನೂ ಬರುತ್ತೇನೆ ಅಂತ ಬರುತ್ತಾನೆ. ಅಡಾಮಾ ಬೇಡ ಅನ್ನುತ್ತಾನೆ. ಡಾಕ್ಟರನ್ನು ಕಳೆದುಕೊಳ್ಳುವ ಹಾಗಿಲ್ಲ, ಉಳಿದವರಿಗೆ ನೀನು ಬೇಕು. ಎಂಥ ಸರಿಯಾದ ಮಾತು! ಆಮೇಲೆ ಅದೇ ಡಾಕ್ಟರನ ಆಸ್ಪತ್ರೆಯೇ ಬೂದಿ. ಬರೀ ಕೈಯಲ್ಲಿ ಅವನು ಏನು ಮಾಡಬೇಕಿತ್ತು? ಇಷ್ಟು ವರ್ಷ ಜೀವ ಉಳಿಸಿಕೊಂಡು ಬಂದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ಕಾರಾ ವಿಷಯ ಹೇಳಿದರೆ ಹೊಟ್ಟೆ ಉರಿಯುತ್ತೆ. ಮೂರನೇ ಸೀಸನ್‌ನಲ್ಲಿ ಸತ್ತಳು. ವಾಪಸ್ ಬಂದಳು. ಈ ಹಸಿರು ಭೂಮಿಗೂ ಮುಂಚೆ ಸಿಕ್ಕಿದ್ದ ಇನ್ನೊಂದು ಹಾಳುಬಿದ್ದ ಭೂಮಿಯಲ್ಲಿ ತನ್ನದೇ ಸುಟ್ಟ ಹೆಣವನ್ನು ತಾನೇ ಕಂಡು, ತಾನೇ ಚಿತೆ ಮಾಡಿ ಸುಟ್ಟಳು. ಹಾಗಾದರೆ ನಾನು ಯಾರು ಅಂತ ಕೇಳುತ್ತಾ ಇಡೀ ಸೀಸನ್ ಒದ್ದಾಡಿದಳು. ಕೊನೆಗೆ ಬಯಲಿನಲ್ಲಿ ಲೀ ಜೊತೆ ನಿಂತಿರುತ್ತಾಳೆ. ಅವನು ಆ ಕಡೆ ತಿರುಗಿ ಏನೋ ಹೇಳುತ್ತಾನೆ. ಈ ಕಡೆ ತಿರುಗಿದರೆ ಅವಳಿಲ್ಲ. ಬರೀ ಹುಲ್ಲು. ಅವಳ ಪ್ರಶ್ನೆಗೆ ಉತ್ತರ ಕೊಡದೆ ಅವಳನ್ನೇ ಅಳಿಸಿದರು.

ದೇವರು ಮಾಡಿದ್ದು ಅಂತ ಒಪ್ಪಿಕೊಳ್ಳಬೇಕಂತೆ. 2009ರಲ್ಲೇ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ಇದನ್ನೇ ಹಿಡಿದು, ಕಥೆ ಬರೆಯುವ ಮೊದಲ ಪಾಠವನ್ನೇ ಯಾರೋ ತಪ್ಪಿಸಿಕೊಂಡ ಹಾಗಿದೆ ಅಂತ ಬರೆದಿದ್ದರು. ನನ್ನ ಜಗಳ ಅದಲ್ಲ. ಕಥೆಯಲ್ಲಿ ದೇವರು ಬಂದರೆ ನನಗೆ ಏನೂ ತೊಂದರೆ ಇಲ್ಲ. ದೇವರಿಲ್ಲದ ಕಥೆ ಕೇಳಿ ಬೆಳೆದವಳಲ್ಲ ನಾನು. ಆದರೆ ನಮ್ಮ ಕಥೆಗಳಲ್ಲಿ ದೇವರನ್ನೂ ನಿಲ್ಲಿಸಿ ಕೇಳುತ್ತಾರೆ. ನೂರು ಮಕ್ಕಳನ್ನು ಕಳೆದುಕೊಂಡ ಗಾಂಧಾರಿ ಕೃಷ್ಣನನ್ನು ಸುಮ್ಮನೆ ಬಿಟ್ಟಳಾ? ನೀನು ತಡೆಯಬಹುದಿತ್ತು, ತಡೆಯಲಿಲ್ಲ ಅಂತ ಎದುರು ನಿಂತು ಶಾಪ ಕೊಟ್ಟಳು. ಅವನು ತಲೆಬಾಗಿ ತೆಗೆದುಕೊಂಡ. ಇಲ್ಲಿ ನೂರಾರು ಕೋಟಿ ಜನ ಸತ್ತಿದ್ದಾರೆ. ಎಲ್ಲದರ ಹಿಂದೆ ಒಂದು ಕೈ ಇತ್ತು ಅಂತ ಹೇಳುತ್ತಾರೆ. ಆ ಕೈಯನ್ನು ಹಿಡಿದು, ಯಾಕೆ ಅಂತ ಕೇಳುವ ಒಬ್ಬ ತಾಯಿ ಆ ಬಯಲಿನಲ್ಲಿ ಇರಲಿಲ್ಲವಾ?

ಆಮೇಲೆ ಒಂದೇ ಏಟಿಗೆ 1,50,000 ವರ್ಷ ದಾಟಿ ನ್ಯೂಯಾರ್ಕ್. ಮನುಷ್ಯರ ಹಾಗೇ ಕಾಣುವ ಒಬ್ಬ ಸೈಲಾನ್ ತಾಯಿಗೂ ಮನುಷ್ಯ ತಂದೆಗೂ ಹುಟ್ಟಿದ ಪುಟ್ಟ ಹೆರಾ ನಮ್ಮೆಲ್ಲರ ಮೈಟೋಕಾಂಡ್ರಿಯಲ್ ಈವ್ ಅಂತೆ. ತಾಯಿಯ, ಅವಳ ತಾಯಿಯ, ಅವಳ ತಾಯಿಯ ಸಾಲು ಹಿಡಿದು ಹಿಂದಕ್ಕೆ ಹೋದರೆ ಎಲ್ಲರೂ ಹೋಗಿ ಮುಟ್ಟುವ ಒಬ್ಬ ಹೆಂಗಸು. ಕೇಳೋದಕ್ಕೆ ಚೆಂದ. ಆದರೆ ಇದರ ಅರ್ಥ ಬಿಡಿಸಿ ನೋಡಿ. ಆ 38,000 ಜನರಲ್ಲಿ ಇದ್ದ ಸಾವಿರಾರು ಹೆಂಗಸರಲ್ಲಿ ಹೆರಾ, ಅವಳ ತಾಯಿ ಬಿಟ್ಟರೆ ಇನ್ಯಾರ ಮಗಳ ಮಗಳ ಸಾಲೂ ನಮ್ಮವರೆಗೆ ಬರಲಿಲ್ಲ. ಎಲ್ಲೋ ಒಂದು ಕಡೆ ಕಡಿದುಹೋಯಿತು. ಸಿಕ್ಕಿದ ಹೆರಾಳ ಮೂಳೆ ಕೂಡ ಚಿಕ್ಕ ವಯಸ್ಸಿನ ಹೆಂಗಸಿನದು ಅಂತ ಅವರೇ ಹೇಳುತ್ತಾರೆ. ಅಂದರೆ ಇವರೆಲ್ಲ ಜೀವ ಒತ್ತೆ ಇಟ್ಟು ಕಾಪಾಡಿದ ಆ ಮಗುವೂ ಮುದುಕಿ ಆಗಲಿಲ್ಲ. ಅವರ ಭಾಷೆ ಉಳಿಯಲಿಲ್ಲ, ಹಾಡು ಉಳಿಯಲಿಲ್ಲ. ಬರವಣಿಗೆ ಅನ್ನೋದು ಈ ಭೂಮಿಯಲ್ಲಿ ಹುಟ್ಟಿದ್ದು ಬರೀ ಐದು ಸಾವಿರ ಚಿಲ್ಲರೆ ವರ್ಷದ ಹಿಂದೆ. ಗೋಡೆ ತುಂಬಾ ಸತ್ತವರ ಫೋಟೋ ಅಂಟಿಸಿ, ಹೋಗುತ್ತಾ ಬರುತ್ತಾ ಕೈ ಮುಟ್ಟಿಸಿ ನಡೆಯುತ್ತಿದ್ದರಲ್ಲ, ಆ ಒಂದೊಂದು ಮುಖದ ನೆನಪಿಗೂ ಎಳ್ಳುನೀರು ಬಿಟ್ಟರು. ಇದನ್ನು ನಾವು ಸುಖಾಂತ್ಯ ಅಂತ ನೋಡಬೇಕು.

"ನಿಮಗೆ ಪ್ರಶ್ನೆಗೆ ಉತ್ತರ ಬೇಕಿತ್ತು, ಅದು ಪಾತ್ರಗಳ ಕಥೆ" ಅಂತ ಕೆಲವರು ಸಮಾಧಾನ ಹೇಳುತ್ತಾರೆ. ಸೀರಿಯಲ್ ಮಾಡಿದ ರೊನಾಲ್ಡ್ ಮೂರ್ ಕೂಡ, ಕೊನೆಯ ಕಥೆ ಬರೆಯುವಾಗ ಕಥೆಯ ಗಂಟು ಬಿಡಿಸಲಾಗದೆ, ಮುಖ್ಯ ಆಗಬೇಕಾದದ್ದು ಪಾತ್ರಗಳು ಅಂತ ಬರಹಗಾರರ ಕೋಣೆಯ ಬೋರ್ಡಿನ ಮೇಲೆ ಬರೆದೆ ಅಂತ ಹೇಳಿದ್ದಾರೆ. ಸರಿ. ಪಾತ್ರಗಳೇ ಮುಖ್ಯ. ಆ 38,000 ಜನ ಪಾತ್ರಗಳಲ್ಲವಾ? ಇನ್ನೊಂದು ಬೋರ್ಡಿನ ಮೇಲೆ ಅವರನ್ನು ಒಬ್ಬೊಬ್ಬರನ್ನಾಗಿ ಎಣಿಸಿದ್ದು ನೀವೇ ಅಲ್ವಾ?

ಚೆನ್ನಾಗಿದ್ದದ್ದನ್ನು ಚೆನ್ನಾಗಿಲ್ಲ ಅಂತ ನಾನು ಹೇಳಲ್ಲ. ಹೆರಾಳನ್ನು ಬಿಡಿಸಿಕೊಂಡು ಬರಲು ಆ ಮುರುಕು ಹಡಗು ಮೂತಿ ಮುಂದಿಟ್ಟು ಸೈಲಾನ್ ಕೋಟೆಗೆ ನುಗ್ಗುತ್ತಲ್ಲ, ಎದ್ದು ನಿಂತು ನೋಡಿದೆವು. ರಾಸ್ಲಿನ್ ಸಾಯುವ ಜಾಗದಲ್ಲಿ ಇಬ್ಬರೂ ಮಾತಾಡಲಿಲ್ಲ. ಕ್ಯಾನ್ಸರ್‌ನಲ್ಲಿ ಸೋತ ದೇಹ, ಚಿಕ್ಕ ವಿಮಾನದ ಕಿಟಕಿಯಿಂದ ಕೆಳಗೆ ಹಕ್ಕಿಗಳ ಹಿಂಡು ನೋಡುತ್ತಾ, ಎಷ್ಟೊಂದು ಜೀವ ಇದೆ ಇಲ್ಲಿ ಅನ್ನುತ್ತಾಳೆ. ಕೈ ಜಾರುತ್ತೆ. ಅಡಾಮಾ ತನ್ನ ಬೆರಳಿನ ಉಂಗುರ ತೆಗೆದು ಅವಳ ಬೆರಳಿಗೆ ಹಾಕುತ್ತಾನೆ. ಕೊನೆಯ ಉಸಿರಿನಲ್ಲೂ ಅವಳು ಜೀವಗಳನ್ನೇ ನೋಡುತ್ತಿದ್ದಳು. ಆ ಹೆಂಗಸು ಹೋದಮೇಲೆ ಲೆಕ್ಕ ಇಡುವವರು ಯಾರೂ ಉಳಿಯಲಿಲ್ಲ. ಬೋರ್ಡ್ ಏನಾಯಿತು ಅಂತ ತೋರಿಸಲೂ ಇಲ್ಲ. ಹಡಗುಗಳ ಜೊತೆ ಅದೂ ಸುಟ್ಟುಹೋಗಿರಬೇಕು.

ಆಫೀಸಿನಲ್ಲಿ ಇವತ್ತು ಊಟದ ಹೊತ್ತಿನಲ್ಲಿ ಇದನ್ನು ಹೇಳಿಕೊಂಡೆ. "ಅಯ್ಯೋ, ಒಂದು ಸೀರಿಯಲ್‌ಗೆ ಇಷ್ಟೊಂದಾ?" ಅಂದರು. ಹೌದು, ಇಷ್ಟೊಂದು. ಎಪ್ಪತ್ತಕ್ಕೂ ಹೆಚ್ಚು ಎಪಿಸೋಡ್ ಒಬ್ಬರ ಜೊತೆ ಕೂತು, ಅವರ ಸಾವು ನೋವೆಲ್ಲ ನೋಡಿದ ಮೇಲೆ ಅವರು ನಮ್ಮವರೇ. ನಮ್ಮವರನ್ನು ಕಾಡಿಗೆ ಬಿಟ್ಟು ಬಂದರೆ ಸಿಟ್ಟು ಬರಬಾರದಾ?

ನಿನ್ನೆ ಟಿವಿ ಆರಿಸಿದ ಮೇಲೆ ತಂಗಿ ಕ್ಯಾಲೆಂಡರ್ ಹಾಳೆ ಹಿಡಿದುಕೊಂಡು ಕೂತಿದ್ದಳು. ಪೆನ್ಸಿಲ್ ಕೈಯಲ್ಲೇ ಇತ್ತು. "ಅಕ್ಕ, ಈಗ ಎಷ್ಟು ಅಂತ ಬರೀಲಿ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಹಾಳೆಗಳನ್ನು ಹಿಂದಕ್ಕೆ ತಿರುಗಿಸಿ ಮೊದಲನೆಯದಕ್ಕೆ ಹೋದಳು. 47,973ರ ಸುತ್ತ ಅವತ್ತೇ ಒಂದು ಸೊನ್ನೆ ಸುತ್ತಿ, ಪಕ್ಕದಲ್ಲಿ ‘ಪಾಪು’ ಅಂತ ಬರೆದಿದ್ದಳು.

ಆ ಪಾಪುಗೆ ಭೂಮಿ ಸಿಕ್ಕಿದಾಗ ಮೂರೋ ನಾಲ್ಕೋ ವರ್ಷ ಆಗಿರಬೇಕು. ಯಾವ ಗುಂಪಿನಲ್ಲಿ ಕಳಿಸಿದರು ಅವನನ್ನು? ಮೊದಲ ಮಳೆಗಾಲದಲ್ಲಿ ಕೆಮ್ಮು ಬಂದಾಗ ಅವನ ಅಮ್ಮ ಯಾರ ಹತ್ತಿರ ಓಡಿದಳು?